ಜೇನ್ನೊಣಗಳಿಗೆ ಮನೆ ಕಟ್ಟಿದ ಗುರುವರ್ಯ ಯೋಹಾನ್ ಜಿಯೆರ್ಜೋನ್

ಪಾಸ್ಖ ಜಾಗರಣೆಯ ರಾತ್ರಿ ನಮ್ಮ ದೇವಾಲಯದಲ್ಲಿ ಬೆಳಗುವ ಮೇಣದ ಬತ್ತಿಯ ಸ್ತುತಿಗೀತೆಯಲ್ಲಿ ಧರ್ಮಸಭೆಯು ಜೇನ್ನೊಣಗಳ ದುಡಿಮೆಯನ್ನೂ ನೆನೆಯುತ್ತದೆ. ಆ ಕಿರುಜೀವಿಗಳಿಗಾಗಿ ಮರದ ಮನೆಯನ್ನು ರೂಪಿಸಿ ಲೋಕವಿಖ್ಯಾತರಾದ ಒಬ್ಬ ವಿಚಾರಣಾ ಗುರುಗಳ ಜೀವನವನ್ನು ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ಭಕ್ತಾದಿಗಳ ಮುಂದಿಡಲು ಹರ್ಷಿಸುತ್ತೇವೆ.

ಯೋಹಾನ್ ಜಿಯೆರ್ಜೋನರು 1811ರ ಜನವರಿ 16ರಂದು ಸೈಲೀಸಿಯ ಪ್ರಾಂತ್ಯದ ಲೊವ್ಕೊವಿತ್ಸೆ ಎಂಬ ಹಳ್ಳಿಯ ಕೃಷಿಕ ಕುಟುಂಬದಲ್ಲಿ ಜನಿಸಿದರು. ಅಂದು ಪ್ರಷ್ಯಕ್ಕೆ ಸೇರಿದ್ದ ಆ ಊರು ಇಂದು ಪೋಲೆಂಡಿನಲ್ಲಿದೆ. ಬ್ರೆಸ್ಲೌ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿ 1834ರಲ್ಲಿ ಗುರುದೀಕ್ಷೆ ಪಡೆದ ಅವರು ಮರುವರ್ಷ ಕಾರ್ಲ್ಸ್‌ಮಾರ್ಕ್ಟ್ ಧರ್ಮಕೇಂದ್ರಕ್ಕೆ ಬಂದರು.

ಆ ಕಾಲದಲ್ಲಿ ಪೊಳ್ಳು ದಿಮ್ಮಿಗಳಲ್ಲೂ ಹುಲ್ಲಿನ ಬುಟ್ಟಿಗಳಲ್ಲೂ ಜೇನು ಸಾಕುತ್ತಿದ್ದರು. ಎರಿಗಳು ಗೂಡಿಗೆ ಅಂಟಿಕೊಂಡಿರುತ್ತಿದ್ದುದರಿಂದ ಅವನ್ನು ಕತ್ತರಿಸದೆ ಒಳಗನ್ನು ಪರೀಕ್ಷಿಸುವಂತಿರಲಿಲ್ಲ. ಎಷ್ಟೋ ವೇಳೆ ಜೇನಿಗಾಗಿ ನೊಣಗಳ ಸಂಸಾರವೇ ನಾಶವಾಗುತ್ತಿತ್ತು. 1838ರಲ್ಲಿ ಜಿಯೆರ್ಜೋನರು ಮರದ ಪೆಟ್ಟಿಗೆಯೊಳಗೆ ಸಾಲಾಗಿ ಪಟ್ಟಿಗಳನ್ನಿರಿಸಿ, ಎರಿಗಳು ಅವುಗಳಿಂದ ತೂಗುವಂತೆ ಮಾಡಿದರು. ಒಂದು ಪಟ್ಟಿಯ ನಡುವಿನಿಂದ ಮುಂದಿನದರ ನಡುವಿಗೆ ಒಂದೂವರೆ ಅಂಗುಲದ ಅಂತರವೆಂದು ಗೊತ್ತುಮಾಡಿದರು. 1848ರಲ್ಲಿ ಪಕ್ಕದ ಹಲಗೆಗಳಲ್ಲಿ 8 ಮಿಲಿಮೀಟರಿನ ಗಾಡಿಗಳನ್ನು ಕೊರೆದು ಪಟ್ಟಿಗಳನ್ನು ಅವುಗಳಲ್ಲಿ ಕೂರಿಸಿದರು. ಸುಮಾರು 6ರಿಂದ 9 ಮಿಲಿಮೀಟರಿನ ಸಂದನ್ನು ಆ ನೊಣಗಳು ಓಡಾಟಕ್ಕೆ ಬಿಡುತ್ತವೆ. ಅದಕ್ಕಿಂತ ಕಿರಿದಾದರೆ ಅಂಟಿನಿಂದ ಮುಚ್ಚುತ್ತವೆ, ಹಿರಿದಾದರೆ ಎರಿ ಕಟ್ಟುತ್ತವೆ. ಮುಂದೆ ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1852ರಲ್ಲಿ ಸ್ವಾಮ್ಯಪತ್ರ ಪಡೆದ ಚೌಕಟ್ಟಿನ ಪೆಟ್ಟಿಗೆಯೂ ಈ ಅಳತೆಯನ್ನೇ ಆಧರಿಸಿತ್ತು.

ಎರಿಗಳನ್ನು ಎತ್ತಿ ನೋಡಲು ಸಾಧ್ಯವಾದುದರಿಂದ ಮತ್ತೊಂದು ಸತ್ಯ ಹೊರಬಿತ್ತು. ಗಂಡುನೊಣಗಳು ಫಲಿತವಾಗದ ಮೊಟ್ಟೆಗಳಿಂದಲೇ ಹುಟ್ಟುತ್ತವೆಂದು 1845ರಲ್ಲಿ ಜಿಯೆರ್ಜೋನರು ಪ್ರಕಟಿಸಿದರು. ಪಂಡಿತರು ಬಹುಕಾಲ ವಿರೋಧಿಸಿದರೂ 1856ರಲ್ಲಿ ಜರ್ಮನ್ ವಿಜ್ಞಾನಿ ಸೀಬೋಲ್ಡರು ಸೂಕ್ಷ್ಮದರ್ಶಕದ ನೆರವಿನಿಂದ ಅದನ್ನು ಸಮರ್ಥಿಸಿದರು. 1872ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು.

ಅವರ ಬದುಕಿನ ನೋವಿನ ಅಧ್ಯಾಯವನ್ನು ನಾವು ಮರೆಮಾಚಲಾರೆವು. 1870ರ ವ್ಯಾಟಿಕನ್ ಮಹಾಸಭೆ ಘೋಷಿಸಿದ ಜಗದ್ಗುರುಗಳ ದೋಷಾತೀತತೆಯ ಬೋಧನೆಯನ್ನು ಅವರು ಒಪ್ಪಲಿಲ್ಲ, 1873ರಲ್ಲಿ ಬಹಿಷ್ಕೃತರಾದರು. ಕಣ್ಣಾರೆ ಕಂಡ ಸತ್ಯಕ್ಕಾಗಿ ಪಂಡಿತರೆದುರು ನಿಂತ ಮನಸ್ಸು, ವಿಶ್ವಾಸದ ವಿಷಯದಲ್ಲಿ ತಲೆಬಾಗಲು ಕಷ್ಟಪಟ್ಟಿತೇನೋ. ತೀರ್ಪು ನಮ್ಮದಲ್ಲ. ಮೂವತ್ತೆರಡು ವರ್ಷಗಳ ಬಳಿಕ, 1905ರಲ್ಲಿ, ತೊಂಬತ್ತು ದಾಟಿದ ಆ ವೃದ್ಧರು ಧರ್ಮಸಭೆಯೊಡನೆ ಮರಳಿ ಒಂದಾದರು. 1906ರ ಅಕ್ಟೋಬರ್ 26ರಂದು ಹುಟ್ಟೂರಿನಲ್ಲೇ ದೈವಾಧೀನರಾದರು.

ಚಲಿಸುವ ಎರಿಯ ಈ ವಿದ್ಯೆ ನಮ್ಮ ನಾಡಿಗೂ ಬಂದಿತು. ಯೇಸುಸಭೆಯ ಸ್ವಾಮಿ ನ್ಯೂಟನ್ನರು 1911ರಿಂದ 1917ರವರೆಗೆ ದಕ್ಷಿಣ ಭಾರತದಲ್ಲಿ ಗ್ರಾಮಸ್ಥರಿಗೆ ಜೇನುಕೃಷಿ ಕಲಿಸಿ, ನಮ್ಮ ತುಡುವೆ ಜೇನಿಗೆ ಒಪ್ಪುವ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದರು. ಇಂದು ಗಣಕಯಂತ್ರದ ಆಣತಿಯಂತೆ ಮರ ಕೊರೆಯುವ ಯಂತ್ರಗಳು ಬಂದಿವೆ. ಆದರೆ ಗಾಡಿಯ ಅಳತೆಯನ್ನು ನಿರ್ಧರಿಸುವುದು ಯಂತ್ರವಲ್ಲ, ಬಡಗಿಯೂ ಅಲ್ಲ. ಒಳಗೆ ಬಾಳುವ ನೊಣವೇ.

ಪ್ರಿಯ ಬಾಂಧವರೇ, ನಮ್ಮ ಹಿರಿಯರು ಕಟ್ಟಿದ ಈ ದೇವಾಲಯಕ್ಕೂ ಅದೇ ನಿಯಮ. ಒಳಗೆ ಬಾಳುವವರಿಗೆ ತಕ್ಕ ಎಡೆಯಿರಲಿ. ದೂರ ಹೋದವರು ಮರಳುವ ಬಾಗಿಲು ತೆರೆದೇ ಇರಲಿ.