ಡೊಂಕಾದ ಚಕ್ರವನ್ನು ಅಳತೆಗೆ ತಂದ ಲ್ಯಾಂಬ್ಟನ್

ಮಕ್ಕಳೇ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ನೀವು ಉಣಕಲ್ ಕೆರೆಯನ್ನು ನೋಡಿರಬಹುದು. ಕೆರೆಯ ನಡುವೆ ವಿವೇಕಾನಂದರ ಪ್ರತಿಮೆ ಇದೆ. ದಂಡೆಯಿಂದ ಅದು ಎಷ್ಟು ದೂರ? ನೀರಿನ ಮೇಲೆ ಟೇಪು ಹಿಡಿಯಲಾಗದು. ಆದರೂ ಲೆಕ್ಕ ಹಾಕಬಹುದು! ದಂಡೆಯ ಮೇಲೆ 100 ಮೀಟರ್ ನೇರವಾಗಿ ಅಳೆಯಿರಿ. ಎರಡೂ ತುದಿಗಳಿಂದ ಪ್ರತಿಮೆಯನ್ನು ನೋಡಿ ಕೋನಗಳನ್ನು ಗುರುತಿಸಿಕೊಳ್ಳಿ. ಒಂದು ಬಾಹು, ಎರಡು ಕೋನ ಗೊತ್ತಿದ್ದರೆ ತ್ರಿಭುಜ ರಚಿಸಲು ನಿಮಗೆ ಬರುತ್ತದಲ್ಲವೆ? 100 ಮೀಟರಿಗೆ 10 ಸೆಂಟಿಮೀಟರಿನಂತೆ ಹಾಳೆಯ ಮೇಲೆ ರಚಿಸಿ, ಉಳಿದ ಬಾಹುಗಳನ್ನು ಸ್ಕೇಲಿನಿಂದ ಅಳೆಯಿರಿ. ಪ್ರತಿ ಸೆಂಟಿಮೀಟರಿಗೆ 10 ಮೀಟರ್. (ದೊಡ್ಡವರಿಲ್ಲದೆ ದಂಡೆಗೆ ಹೋಗಬೇಡಿ.)

ಕಂಪ್ಯೂಟರಿನಲ್ಲಿ ಕಟ್ಟಡದ ನಕ್ಷೆ ಬರೆಯುವವರ ಬಳಿಯೂ ಇಂಥದೇ ಉಪಾಯವಿದೆ. ಚಿತ್ರದ ಒಂದು ಗೆರೆಯನ್ನು ತೋರಿಸಿ, ಅದು ಎಷ್ಟು ಉದ್ದ ಇರಬೇಕೆಂದು ತಿಳಿಸಿದರೆ ಇಡೀ ಚಿತ್ರ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಇಲ್ಲವೆ ಕುಗ್ಗುತ್ತದೆ. ಆ ಒಂದು ಉದ್ದ ತಪ್ಪಿದರೆ ಮಾತ್ರ ಎಲ್ಲವೂ ತಪ್ಪು.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಒಂದು ಗೆರೆಯನ್ನು ನಂಬಿ ದೇಶವನ್ನೇ ಅಳೆಯಲು ಹೊರಟವರು ವಿಲಿಯಂ ಲ್ಯಾಂಬ್ಟನ್. ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ಕುಟುಂಬದವರು. ಸೈನ್ಯದ ಅಧಿಕಾರಿಯಾಗಿ ಭಾರತಕ್ಕೆ ಬಂದರು. 1799ರಲ್ಲಿ ಟಿಪ್ಪು ಸುಲ್ತಾನರ ವಿರುದ್ಧದ ಯುದ್ಧದಲ್ಲಿದ್ದರು. ಯುದ್ಧ ಮುಗಿದ ಮೇಲೆ ಅವರ ಮನಸ್ಸೆಲ್ಲ ಅಳತೆಯ ಕಡೆಗೆ ತಿರುಗಿತು. 1800ರಲ್ಲಿ ಬೆಂಗಳೂರಿನ ಹತ್ತಿರ ಮೊದಲ ಗೆರೆಯನ್ನು ಅಳೆದು ನೋಡಿದರು.

ಬಳಿಕ 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ದೊಡ್ಡ ಕೆಲಸ ಶುರುವಾಯಿತು. ಸುಮಾರು 12 ಕಿಲೋಮೀಟರ್ ಉದ್ದದ ಒಂದೇ ಗೆರೆ. ಅದಕ್ಕೆ ಹಿಡಿದದ್ದು 57 ದಿನ! 100 ಅಡಿಯ ಉಕ್ಕಿನ ಸರಪಳಿಯನ್ನು 400 ಸಲ ಹಾಸಬೇಕಾಯಿತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಆದ್ದರಿಂದ ಸರಪಳಿಗೆ ನೆರಳು ಮಾಡಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು, ಹಿಗ್ಗಿದ್ದನ್ನು ಲೆಕ್ಕದಲ್ಲಿ ಸರಿದೂಗಿಸುತ್ತಿದ್ದರು.

ಶ್ರೀರಂಗಪಟ್ಟಣಕ್ಕೆ ಹೋಗಲು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಲದೆ, ಇಷ್ಟೆಲ್ಲ ಖರ್ಚು ಏಕೆ ಎಂದು ಸರ್ಕಾರದ ಹಣಕಾಸು ನೋಡುವವರೊಬ್ಬರು ಕೇಳಿದ್ದೂ ಉಂಟು. ಲ್ಯಾಂಬ್ಟನ್ ತ್ರಿಭುಜದ ಪಕ್ಕಕ್ಕೆ ತ್ರಿಭುಜ ಜೋಡಿಸುತ್ತ ಮದರಾಸಿನಿಂದ ಬೆಂಗಳೂರಿಗೆ ಬಂದರು. 1804ರಲ್ಲಿ ಅಲ್ಲೊಂದು ಗೆರೆಯನ್ನು ಸರಪಳಿಯಿಂದಲೇ ಅಳೆದು ಲೆಕ್ಕದೊಡನೆ ಹೋಲಿಸಿದರು. ವ್ಯತ್ಯಾಸ ಸುಮಾರು 4 ಅಂಗುಲ, ನಿಮ್ಮ ಗೇಣಿಗಿಂತ ಕಡಿಮೆ!

ಕೋನ ಅಳೆಯಲು ಅವರ ಬಳಿ ಥಿಯೊಡೊಲೈಟ್ ಎಂಬ ಯಂತ್ರವಿತ್ತು. ತೂಕ ಸುಮಾರು 5 ಕ್ವಿಂಟಲ್. ಅದರ ಚಕ್ರದ ಅಗಲ 3 ಅಡಿ. ಚಕ್ಕಡಿ ಗಾಲಿಯಂತೆ ಅದಕ್ಕೂ ಅರಗಳಿದ್ದವು, ಅಂಚಿನಲ್ಲಿ ಮಾತ್ರ ಕೂದಲೆಳೆಯಂಥ ಗುರುತುಗಳು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರದ ಮೇಲೆ ಅದನ್ನು ಹಗ್ಗದಿಂದ ಎತ್ತುತ್ತಿದ್ದಾಗ ಒಂದು ಹಗ್ಗ ಹರಿಯಿತು. ಯಂತ್ರ ಗೋಡೆಗೆ ಬಡಿಯಿತು. ಚಕ್ರ ಡೊಂಕಾಯಿತು, ಅರಗಳು ಬಾಗಿದವು. ಚಕ್ರ ದುಂಡಗಿಲ್ಲದಿದ್ದರೆ ಕೋನ ಸರಿ ಬಾರದು. ಕೋನ ತಪ್ಪಿದರೆ ಮುಂದಿನ ತ್ರಿಭುಜಗಳೆಲ್ಲ ತಪ್ಪು. ಇಂಗ್ಲೆಂಡಿನಿಂದ ಬೇರೆ ಯಂತ್ರ ಬರಬೇಕಾದರೆ ಹಡಗಿನಲ್ಲಿ ತಿಂಗಳುಗಟ್ಟಲೆ!

ಐವತ್ತು ದಾಟಿದ ಲ್ಯಾಂಬ್ಟನ್ ಗುಡಾರದೊಳಗೆ ಹೋಗಿ ಕುಳಿತರು. ಮುಖ್ಯ ಕೆಲಸಗಾರರ ಹೊರತು ಯಾರೂ ಒಳಗೆ ಬರುವಂತಿರಲಿಲ್ಲ. ಚಕ್ರ ಮೊದಲು ಎಷ್ಟಿತ್ತೋ ಸರಿಯಾಗಿ ಅಷ್ಟೇ ಅಳತೆಯ ವೃತ್ತವನ್ನು ದೊಡ್ಡ ಹಲಗೆಯಲ್ಲಿ ಕೊರೆಸಿದರು. ಬೆಣೆ, ತಿರುಪು, ರಾಟೆಗಳಿಂದ ಚಕ್ರದ ಅಂಚನ್ನು ದಿನಕ್ಕಿಷ್ಟು ಎಳೆಯುತ್ತ ಆ ವೃತ್ತಕ್ಕೆ ಕೂಡಿಸಿದರು. ಬಾಗಿದ ಅರಗಳನ್ನು ಮರದ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹಳೆಯ ಉದ್ದಕ್ಕೆ ತಂದರು. 6 ವಾರಗಳಲ್ಲಿ ಚಕ್ರ ಹೆಚ್ಚುಕಡಿಮೆ ಮೊದಲಿನಂತಾಯಿತು. ಅವಸರಪಟ್ಟಿದ್ದರೆ ಅದು ಮುರಿದೇ ಹೋಗುತ್ತಿತ್ತೇನೋ!

ಅದೇ ಯಂತ್ರದೊಡನೆ ಅಳತೆ ಉತ್ತರಕ್ಕೆ ಸಾಗಿತು. 1823ರ ಜನವರಿಯಲ್ಲಿ, ಇಂದಿನ ಮಹಾರಾಷ್ಟ್ರದ ಹಿಂಗನ್‌ಘಾಟಿನಲ್ಲಿ ಲ್ಯಾಂಬ್ಟನ್ ತೀರಿಕೊಂಡರು. ಅವರ ಸಹಾಯಕ ಜಾರ್ಜ್ ಎವರೆಸ್ಟ್ ಆ ಚಕ್ರದಿಂದಲೇ ಕೆಲಸ ಮುಂದುವರಿಸಿದರು. ಹೌದು, ಎವರೆಸ್ಟ್ ಶಿಖರಕ್ಕೆ ಇಟ್ಟಿರುವುದು ಅವರದೇ ಹೆಸರು.