ಬೆತ್ತವನ್ನು ತ್ಯಜಿಸಿದ ಗುರು: ಗಿಜುಭಾಯಿ ಬಧೇಕಾ

ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ಆರು ವೇದಾಂಗಗಳಲ್ಲಿ ಒಂದಕ್ಕೆ ಅದೇ ಹೆಸರು. ಆ ಶಬ್ದವೇ ಕನ್ನಡದಲ್ಲಿ ‘ಶಿಕ್ಷೆ’ಯಾಗಿ ದಂಡನೆಯೆಂಬ ಅರ್ಥವನ್ನು ತಾಳಿತು. ದಂಡಿಸದೆ ಕಲಿಸಲಾಗದೆಂಬ ಭ್ರಮೆಯು ಪಾಠಶಾಲೆಗಳಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದನ್ನು ಬಲ್ಲವರೇ ಬಲ್ಲರು. ಆ ಭ್ರಮೆಯನ್ನು ಉಪಾಧ್ಯಾಯರ ಮನಸ್ಸಿನಿಂದ ತೊಲಗಿಸಲು ಶ್ರಮಿಸಿದ ಮಹನೀಯರಲ್ಲಿ ಗುಜರಾತಿನ ಗಿಜುಭಾಯಿ ಬಧೇಕಾ ಅವರು ಅಗ್ರಗಣ್ಯರು.

ಇವರು ೧೮೮೫ನೆಯ ನವೆಂಬರ್ ೧೫ರಂದು ಸೌರಾಷ್ಟ್ರದ ಚಿತ್ತಲದಲ್ಲಿ ಜನಿಸಿದರು. ಗಿರಿಜಾಶಂಕರ ಎಂಬುದು ನಿಜನಾಮ. ೧೯೦೭ರಲ್ಲಿ ಜೀವನೋಪಾಯಕ್ಕಾಗಿ ಪೂರ್ವ ಆಫ್ರಿಕಕ್ಕೆ ಹೋಗಿ, ಹಿಂದಿರುಗಿದ ಮೇಲೆ ನ್ಯಾಯಶಾಸ್ತ್ರವನ್ನು ಓದಿ ವಕೀಲರಾದರು. ೧೯೧೩ರಲ್ಲಿ ಪುತ್ರನು ಜನಿಸಲು, ಈ ಶಿಶುವಿಗೆ ಎಂತಹ ವಿದ್ಯೆಯನ್ನು ಕೊಡಬೇಕೆಂಬ ಚಿಂತೆ ಅವರನ್ನಾವರಿಸಿತು. ಇಟಲಿಯ ಮಾರಿಯಾ ಮಾಂಟೆಸೊರಿ ಅವರ ಗ್ರಂಥವು ಅವರಿಗೆ ದಾರಿಯನ್ನು ತೋರಿತು. ೧೯೧೬ರಲ್ಲಿ ವಕೀಲಿಯನ್ನು ತೊರೆದು, ನಾನಾಭಾಯಿ ಭಟ್ಟರು ಭಾವನಗರದಲ್ಲಿ ಸ್ಥಾಪಿಸಿದ್ದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. ೧೯೨೦ರಲ್ಲಿ ಅಲ್ಲಿಯೇ ಬಾಲಮಂದಿರವನ್ನು ತೆರೆದರು. ಅಲ್ಲಿ ಹೊಡೆತಕ್ಕಾಗಲಿ ಬೈಗುಳಕ್ಕಾಗಲಿ ಎಡೆಯಿರಲಿಲ್ಲ. ಮಕ್ಕಳ ಮೇಲಿನ ಅವರ ವಾತ್ಸಲ್ಯವನ್ನು ಕಂಡ ಜನರು ಅವರನ್ನು ಮೀಸೆಯುಳ್ಳ ತಾಯಿಯೆಂದು ಅಕ್ಕರೆಯಿಂದ ಕರೆದರು.

ಆದರೆ ಒಂದು ಬಾಲಮಂದಿರದಿಂದ ನಾಡಿನ ಶಾಲೆಗಳು ಬದಲಾಗುವುದೆಂತು? ತಾನು ಪೆಟ್ಟು ತಿಂದೇ ಕಲಿತ ಉಪಾಧ್ಯಾಯನು ತರಗತಿಯಲ್ಲಿ ಗದ್ದಲವೆದ್ದೊಡನೆ ಬೆತ್ತಕ್ಕೆ ಕೈಚಾಚುತ್ತಾನೆ. ಬೇರೆ ಉಪಾಯವನ್ನು ಅವನಿಗೆ ಯಾರೂ ಕಲಿಸಿರುವುದಿಲ್ಲ. ಆದಕಾರಣ ಗಿಜುಭಾಯಿಯವರು ೧೯೨೫ರಲ್ಲಿ ಅಧ್ಯಾಪನ ಮಂದಿರವನ್ನು ಆರಂಭಿಸಿ, ಶಿಕ್ಷಕರನ್ನು ತರಬೇತುಗೊಳಿಸತೊಡಗಿದರು. ಕಥೆ, ಆಟ, ಹಾಡು, ನಾಟಕ ಇವೇ ಅವರ ಸಾಧನಗಳು.

ಈ ಮಾರ್ಗವು ಸುಲಭವೆಂದು ಅವರೆಂದೂ ನಂಬಿಸಲಿಲ್ಲ. ೧೯೩೦ರ ದಶಕದ ಆದಿಯಲ್ಲಿ ಪ್ರಕಟವಾದ ಅವರ ‘ದಿವಾಸ್ವಪ್ನ’ ಎಂಬ ಕೃತಿಯಲ್ಲಿ ಲಕ್ಷ್ಮೀರಾಮನೆಂಬ ಕಲ್ಪಿತ ಶಿಕ್ಷಕನು ನಾಲ್ಕನೆಯ ತರಗತಿಯನ್ನು ಒಂದು ವರ್ಷದ ಪ್ರಯೋಗಕ್ಕೆಂದು ಪಡೆಯುತ್ತಾನೆ. ಮೊದಲ ದಿನವೇ ಮಕ್ಕಳಿಂದ ಮೌನದ ಆಟವನ್ನು ಆಡಿಸಹೋಗಿ ಸೋಲುತ್ತಾನೆ. ಗದ್ದಲವು ಮಿತಿಮೀರುತ್ತದೆ, ಮುಖ್ಯೋಪಾಧ್ಯಾಯರು ಆಕ್ಷೇಪಿಸುತ್ತಾರೆ. ಆದರೂ ಅವನು ಬೆತ್ತವನ್ನು ಹಿಡಿಯುವುದಿಲ್ಲ. ದೋಷವನ್ನು ಮಕ್ಕಳಲ್ಲಿ ಅರಸದೆ ತನ್ನ ಕ್ರಮದಲ್ಲಿ ಅರಸಿ, ಮರುದಿನ ಕಥೆಯನ್ನು ಆರಂಭಿಸುತ್ತಾನೆ. ಚೆಲ್ಲಾಪಿಲ್ಲಿಯಾಗಿದ್ದ ಮಕ್ಕಳು ಕಿವಿಗೊಟ್ಟು ಕುಳಿತುಕೊಳ್ಳುತ್ತಾರೆ. ಭಯದಿಂದ ಬಂದ ಮೌನವು ಬೆತ್ತವಿರುವಷ್ಟು ಹೊತ್ತು ಮಾತ್ರ ನಿಲ್ಲುವುದು; ಆಸಕ್ತಿಯಿಂದ ಬಂದ ಮೌನಕ್ಕೆ ಕಾವಲು ಬೇಕಿಲ್ಲ.

ಗಿಜುಭಾಯಿಯವರು ೧೯೩೯ನೆಯ ಜೂನ್ ೨೩ರಂದು ದಿವಂಗತರಾದರು. ಎಪ್ಪತ್ತು ವರ್ಷಗಳ ತರುವಾಯ, ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. ಕಾಯಿದೆಯು ಕೈಯಲ್ಲಿರುವ ಬೆತ್ತವನ್ನು ಕಸಿದುಕೊಳ್ಳಬಲ್ಲುದು. ಮನದಲ್ಲಿರುವ ಕೋಪವನ್ನು ಗೆಲ್ಲುವ ಅಭ್ಯಾಸವನ್ನು ಮಾತ್ರ ಶಿಕ್ಷಕನೇ ಮಾಡಬೇಕು. ಆ ಅಭ್ಯಾಸಕ್ಕೂ ಒಂದು ಪಾಠಶಾಲೆ ಬೇಕೆಂಬುದನ್ನು ಅರಿತು ಅದನ್ನು ಕಟ್ಟಿದ್ದೇ ಈ ಪುಣ್ಯಪುರುಷರ ಹಿರಿಮೆ.