ದೊಡ್ಡಸ್ವಾಮಿಯವರ ಲೆಕ್ಕಕ್ಕೆ ಸಿಗದ ಜನ

ಹೆಸರಘಟ್ಟ ರಸ್ತೆಯ ಕಾಲೇಜುಗಳಲ್ಲಿ ಓದುವವರಲ್ಲಿ ಕೇರಳದ ಕ್ಯಾಥೊಲಿಕರೂ ಇದ್ದಾರೆ, ನಾಗಾಲ್ಯಾಂಡಿನ ಬ್ಯಾಪ್ಟಿಸ್ಟರೂ ಇದ್ದಾರೆ. ಭಾನುವಾರ ಬಂದರೆ ಒಬ್ಬರು ಬಲಿಪೂಜೆಗೆ ಹೊರಡ್ತಾರೆ, ಇನ್ನೊಬ್ಬರು ಪ್ರಾರ್ಥನಾ ಕೂಟಕ್ಕೆ. ಹೊರಗಿನವರ ಕಣ್ಣಿಗೆ ಇಬ್ಬರೂ ಒಂದೇ. ಆದರೆ ಇವರ ನಡುವಿನ ಜಗಳಕ್ಕೆ 500 ವರ್ಷ ವಯಸ್ಸು. ನಂಬಿಕೆಯೊಂದರಿಂದಲೇ ರಕ್ಷಣೆ, ಬೈಬಲ್ ಒಂದೇ ಪ್ರಮಾಣ, ನಡುವೆ ಪಾದ್ರಿಯ ದಲ್ಲಾಳಿತನ ಬೇಡ ಅನ್ನೋದು 1517ರಲ್ಲಿ ಮಾರ್ಟಿನ್ ಲೂಥರ್ ಹಚ್ಚಿದ ಕಿಡಿಯಿಂದ ಬೆಳೆದ ವಾದ. ದೇವರ ಕೃಪೆಯೇ ಮೊದಲು, ನಂಬಿಕೆ ಬೇಕೇ ಬೇಕು, ಆದರೆ ಅದು ಒಳ್ಳೆಯ ಕೆಲಸವಾಗಿ ಕಾಣಬೇಕು, ಸಂಸ್ಕಾರಗಳೂ ಸಭೆಯ ಪರಂಪರೆಯೂ ಇಲ್ಲದೆ ಬರೀ ಪುಸ್ತಕ ಸಾಲದು ಅನ್ನೋದು ಕ್ಯಾಥೊಲಿಕರ ಉತ್ತರ. ಈ ಜಗಳ ಇನ್ನೂರು ವರ್ಷದ ಹಿಂದೆ ನಮ್ಮ ಮೈಸೂರು ಸೀಮೆಗೂ ಬಂದಿತ್ತು. ತಂದವರು ಅಬ್ಬೆ ದುಬಾ. ಇಲ್ಲಿನವರ ಬಾಯಲ್ಲಿ ದೊಡ್ಡಸ್ವಾಮಿಯವರು.

ಝಾನ್ ಆಂಟ್ವಾನ್ ದುಬಾ ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ರೆಮೆಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದರು. ಕ್ರಾಂತಿಯ ಫ್ರಾನ್ಸಿನಲ್ಲಿ ಪಾದ್ರಿಗಳ ತಲೆ ಉಳಿಯೋದು ಖಾತ್ರಿ ಇರದಿದ್ದ ವರ್ಷ ಅದು. ಅದೇ ವರ್ಷ ಪ್ಯಾರಿಸ್ ವಿದೇಶಿ ಮಿಷನ್ ಪರವಾಗಿ ಭಾರತಕ್ಕೆ ಹಡಗು ಹತ್ತಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಅವರನ್ನು ಕರೆಸಿಕೊಂಡರು. ಟಿಪ್ಪು ಕಾಲದಲ್ಲಿ ಚದುರಿದ್ದ, ಕೆಲವರು ಬಲವಂತವಾಗಿ ಇಸ್ಲಾಮಿಗೆ ಸೇರಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಮಾಡೋದು ಕೆಲಸ.

ಇಲ್ಲಿಯವರಂತೆ ಬಟ್ಟೆ ಉಟ್ಟರು, ಮಾಂಸ ಬಿಟ್ಟರು, ಹಳ್ಳಿ ಹಳ್ಳಿ ತಿರುಗಿದರು. ಹಾಸನದ ಹತ್ತಿರ ಸಾಥಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆ ಕಟ್ಟಿದರು. (ಅದೇ ಜಿಲ್ಲೆಯಲ್ಲಿ ಹೇಮಾವತಿ ಹಿನ್ನೀರಲ್ಲಿ ಮುಳುಗೇಳುವ ಶೆಟ್ಟಿಹಳ್ಳಿ ಚರ್ಚಿನ ರೀಲ್ಸ್ ನೋಡಿರ್ತೀರಿ. ಅದನ್ನು 1860ರಲ್ಲಿ ದುಬಾ ಕಟ್ಟಿಸಿದರು ಅಂತ ಇಂಟರ್ನೆಟ್ ತುಂಬಾ ಇದೆ. ಅವರು 1848ರಲ್ಲೇ ಪ್ಯಾರಿಸಿನಲ್ಲಿ ತೀರಿಕೊಂಡಿದ್ದರು!) ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದಾಗ, 1803-04ರಲ್ಲಿ, ಅವರ ಮೇಲ್ವಿಚಾರಣೆಯಲ್ಲಿ ಮೈಸೂರು ಸೀಮೆಯ 25,432 ಜನರಿಗೆ ಲಸಿಕೆ ಹಾಕಿದ ದಾಖಲೆ ಇದೆ.

ಹಿಂದೂಗಳ ರೀತಿ ರಿವಾಜುಗಳ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು ಕಂಪನಿ 2000 ಪಗೋಡಾ ಕೊಟ್ಟು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಅದರ ದೊಡ್ಡ ಭಾಗ ಹಿಂದಿನ ತಲೆಮಾರಿನ ಜೆಸ್ವಿಟ್ ಪಾದ್ರಿ ಕೋರ್ದು ಅವರ ಬರಹದಿಂದ ಎತ್ತಿಕೊಂಡದ್ದು ಅಂತ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯುರ್ ಆಮೇಲೆ ತೋರಿಸಿಕೊಟ್ಟರು. ಮುಂದಿನ ಪುಸ್ತಕ ಮಾತ್ರ ಅಪ್ಪಟ ದುಬಾ ಅವರದೇ.

ಅದರ ಹಿನ್ನೆಲೆ ರಾಜಕೀಯ. 1813ರ ಚಾರ್ಟರ್ ಕಾಯ್ದೆ ಬರೋವರೆಗೆ ಕಂಪನಿ ತನ್ನ ಪ್ರದೇಶಕ್ಕೆ ಮಿಷನರಿಗಳನ್ನು ಸುಲಭವಾಗಿ ಬಿಡ್ತಿರಲಿಲ್ಲ. ವ್ಯಾಪಾರ ಕೆಡುತ್ತೆ ಅನ್ನೋ ಭಯ. ಕಾಯ್ದೆ ಬಾಗಿಲು ತೆಗೀತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದಲೇ ಕೂತು ಬೈಬಲನ್ನು ಕನ್ನಡಕ್ಕೆ ತರ್ತಿದ್ದರು. ಸೆರಾಂಪುರದಲ್ಲಿ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವನ್ನೇ ಅಚ್ಚು ಹಾಕಿಸಿದರು. ಪುಸ್ತಕ ಕೈಗೆ ಸಿಕ್ಕರೆ ಓದ್ತಾರೆ, ಓದಿದರೆ ನಂಬ್ತಾರೆ, ನಂಬಿದರೆ ರಕ್ಷಣೆ. ಪ್ರಾಟೆಸ್ಟಂಟರ ದೇವತಾಶಾಸ್ತ್ರವೇ ಅವರ ಕಾರ್ಯಯೋಜನೆಯೂ ಆಗಿತ್ತು.

ದುಬಾ ಇದಕ್ಕೆ ತಿರುಗಿಬಿದ್ದರು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯ ಬಗ್ಗೆ ಅವರು ಬರೆದ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ವಾದ ಸರಳ: ಹಿಂದೂಗಳ ಮತಾಂತರ ಆಗದ ಮಾತು, ಬೈಬಲ್ ಹಂಚಿದರಂತೂ ಇನ್ನೂ ಕೆಟ್ಟದ್ದೇ ಆಗುತ್ತೆ. ಅಬ್ರಹಾಮ ಅತಿಥಿಗಳಿಗೆ ಕರು ಕೊಯ್ಯೋದು, ಮನೆಗೆ ಮರಳಿದ ಮಗನಿಗಾಗಿ ಅಪ್ಪ ಕೊಬ್ಬಿದ ಕರು ಕಡಿಸೋದು ಓದಿದ ಬ್ರಾಹ್ಮಣ ಪುಸ್ತಕ ಎಸೆದು ಸ್ನಾನಕ್ಕೆ ಹೋಗ್ತಾನೆ. ದೇವರ ಮಗ ಬಡಗಿಯ ಮನೆಯವನು, ಶಿಷ್ಯರು ಮೀನುಗಾರರು ಅಂದರೆ ಮೇಲ್ಜಾತಿಯವನು ಮೂಗು ಮುರೀತಾನೆ. ಅನುವಾದಗಳಂತೂ ಗಮಾರರ ಭಾಷೆಯಲ್ಲಿವೆ ಅಂತ ಅವರ ದೂರು. ಈ ನೆಲಕ್ಕೆ ಒಗ್ಗೋದಿದ್ದರೆ ಕ್ಯಾಥೊಲಿಕ್ ಪದ್ಧತಿಯೇ: ಮೆರವಣಿಗೆ, ಮೂರ್ತಿ, ತೀರ್ಥ, ವಾದ್ಯ. ಬೋಳು ಗೋಡೆಯ ಪ್ರಾರ್ಥನಾ ಮಂದಿರಕ್ಕೆ ಯಾರು ಬರ್ತಾರೆ? ತಮಾಷೆ ಏನಂದರೆ, ತಮ್ಮವರದೇ ಮೆರವಣಿಗೆಗಳ ತಮಟೆ ಗದ್ದಲ ಕಂಡು ಅವರಿಗೇ ಮುಜುಗರವಾಗ್ತಿತ್ತು.

ಲಂಡನ್ನಿನಲ್ಲಿ ಗಲಾಟೆಯಾಯ್ತು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟಂಟ್ ಪಾದ್ರಿಗಳು 1824ರಲ್ಲೇ ಒಂದೊಂದು ಪುಸ್ತಕದಷ್ಟು ಉತ್ತರ ಬರೆದರು. ಹಿಂದೂಗಳು ನೀತಿಗೆಟ್ಟವರು ಅನ್ನೋ ಮಿಷನರಿ ಪ್ರಚಾರಕ್ಕೂ ದುಬಾ ಅದೇ ಪುಸ್ತಕದಲ್ಲಿ ಉತ್ತರ ಕೊಟ್ಟಿದ್ದರು. ಅದಕ್ಕೇ ಅವರನ್ನು ಹಿಂದೂಗಳ ಸ್ನೇಹಿತ ಅಂತ ಇವತ್ತಿಗೂ ಹೊಗಳೋರಿದ್ದಾರೆ. ಹೊಗಳುವ ಮುಂಚೆ ಒಂದು ಲೆಕ್ಕ ನೋಡಿ.

25 ವರ್ಷದಲ್ಲಿ ತಾನು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರರಿಂದ ಮುನ್ನೂರು ಜನರನ್ನು ಅಂತ ಅವರೇ ಬರೆದುಕೊಂಡಿದ್ದಾರೆ. ಅದರಲ್ಲಿ ಮೂರನೇ ಎರಡು ಭಾಗ ಅಸ್ಪೃಶ್ಯರು, ಭಿಕ್ಷುಕರು. ಉಳಿದವರು ಶೂದ್ರರು, ಜಾತಿಯಿಂದ ಹೊರಬಿದ್ದವರು. ಇದನ್ನು ಅವರು ಸೋಲಿನ ಲೆಕ್ಕವಾಗಿ ಕೊಡ್ತಾರೆ. ಮದುವೆಗೋ ಇನ್ನಾವುದೋ ಲಾಭಕ್ಕೋ ಬಂದವರು ಇವರು, ಮತಾಂತರ ಅಂದರೆ ಬ್ರಾಹ್ಮಣ ಬರಬೇಕಿತ್ತು, ಬರಲಿಲ್ಲ. ಜಾತಿ ವ್ಯವಸ್ಥೆಯನ್ನೂ ಅವರು ಮೆಚ್ಚಿದ್ದರು. ಹಿಂದೂಗಳು ಅನಾಗರಿಕರಾಗದಂತೆ ಕಾಪಾಡಿದ್ದೇ ಅದು ಅನ್ನೋದು ಅವರ ಅಭಿಪ್ರಾಯ. ನಂಬಿಕೆಯ ಜೊತೆ ಕಾರ್ಯವೂ ಬೇಕು ಅನ್ನೋ ಸಭೆಯ ಪಾದ್ರಿ, ತನ್ನ ಮಡಿಲಿಗೆ ಬಂದವರ ನಂಬಿಕೆಯನ್ನೂ ಅಳೆಯಲಿಲ್ಲ, ಕಾರ್ಯವನ್ನೂ ಅಳೆಯಲಿಲ್ಲ. ಜಾತಿಯನ್ನು ಅಳೆದರು. ಅವರನ್ನು ಓದುವಾಗ ನನಗೆ ಚುಚ್ಚೋದು ಇದೇ.

ಪ್ರಾಟೆಸ್ಟಂಟರ ವಿಷಯದಲ್ಲಿ ಅವರ ಭವಿಷ್ಯ ಅರ್ಧ ನಿಜವಾಯ್ತು. ಬ್ರಾಹ್ಮಣರು ಸಾಲುಗಟ್ಟಿ ಬರಲಿಲ್ಲ. ಆದರೆ ಎಲ್ಲರೂ ಓದಲೇಬೇಕು ಅನ್ನೋ ಹಟದಿಂದ ಶಾಲೆ, ಅಚ್ಚುಮೊಳೆ ಬಂದವು. 1843ರಲ್ಲಿ ಮಂಗಳೂರು ಸಮಾಚಾರ, 1894ರಲ್ಲಿ ಕಿಟ್ಟೆಲ್ ನಿಘಂಟು ಬಂದವು. ದುಬಾ ಅವರೇ 1823ರ ಜನವರಿಯಲ್ಲಿ ಕಂಪನಿಯ ಪಿಂಚಣಿ ಪಡೆದು ಊರಿಗೆ ಮರಳಿ, ಪಂಚತಂತ್ರವನ್ನು ಫ್ರೆಂಚಿಗೆ ತಂದರು. ಮಿಷನರಿಗಳನ್ನು ತಯಾರು ಮಾಡುವ ಪ್ಯಾರಿಸ್ ಸಂಸ್ಥೆಗೆ 1836ರಿಂದ 39ರವರೆಗೆ ಮುಖ್ಯಸ್ಥರೂ ಆದರು. ಅಸಾಧ್ಯ ಅಂದ ಕೆಲಸಕ್ಕೇ ಜನರನ್ನು ಕಳಿಸಿದರು!

ಆ ಲೆಕ್ಕ ಇನ್ನೂ ಚಾಲ್ತಿಯಲ್ಲಿದೆ. ಕರ್ನಾಟಕದ 2022ರ ಮತಾಂತರ ಕಾಯ್ದೆಯಲ್ಲಿ ಸಾಮಾನ್ಯ ಪ್ರಕರಣಕ್ಕೆ 3ರಿಂದ 5 ವರ್ಷ ಜೈಲು. ಮತಾಂತರಗೊಂಡವರು ದಲಿತರು, ಆದಿವಾಸಿಗಳು, ಮಹಿಳೆಯರು ಅಥವಾ ಅಪ್ರಾಪ್ತರಾದರೆ 10 ವರ್ಷದವರೆಗೆ. ದೊಡ್ಡ ದಲಿತ ಗಂಡಸೂ ಮಗುವೂ ಒಂದೇ ಪಟ್ಟಿಯಲ್ಲಿ. ಕಾಯ್ದೆ ರದ್ದು ಮಾಡ್ತೀವಿ ಅಂತ 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆದರೆ ಆಮಿಷಕ್ಕೆ ಬಲಿಯಾದವರು ಅನ್ನೋ ಮಾತು ಎರಡೂ ಪಕ್ಷದವರ ಬಾಯಲ್ಲಿ ಉಳಿದೇ ಇದೆ.

ದುಬಾ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದರು. ಅಸ್ಪೃಶ್ಯರು ಬ್ರಾಹ್ಮಣರ ಬೀದಿಗೆ ಕಾಲಿಡುವಂತಿಲ್ಲ, ಸರಿ. ಆದರೆ ಬ್ರಾಹ್ಮಣನನ್ನೂ ಅವರು ತಮ್ಮ ಕೇರಿಗೆ ಬಿಟ್ಟುಕೊಳ್ಳೋದಿಲ್ಲ, ಬಂದರೆ ಕೇರಿ ಹಾಳಾಗುತ್ತೆ ಅಂತ ನಂಬ್ತಾರೆ. ದುಬಾ ಇದನ್ನು ಒಂದು ವಿಚಿತ್ರ ಆಚಾರ ಅಂತ ಬರೆದು ಮುಂದೆ ಹೋದರು. 1948ರಲ್ಲಿ ಅಸ್ಪೃಶ್ಯರ ಮೂಲ ಹುಡುಕುತ್ತಾ ಅಂಬೇಡ್ಕರ್ ಆ ಸಾಲುಗಳನ್ನು ಎತ್ತಿಕೊಂಡರು. ಜೊತೆಗೆ ಹಾಸನ ಜಿಲ್ಲೆಯ ಹೊಲಗೇರಿಗಳ ಬಗ್ಗೆ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ ಬರೆದ ಟಿಪ್ಪಣಿಯನ್ನೂ ಇಟ್ಟರು. ಕೇರಿಗೆ ಬಂದ ಬ್ರಾಹ್ಮಣನನ್ನು ಅಲ್ಲಿನವರು ಚಪ್ಪಲಿಯಲ್ಲಿ ಹೊಡೆದು ಓಡಿಸ್ತಿದ್ದರು ಅಂತ ಅದರಲ್ಲಿದೆ.